ಆಟದ ಹಾಸು ಯಾರ ಕೈಯಲ್ಲಿದೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಊರಿಗೆ ಹೋದರೂ ಸಂಜೆಯ ಹೊತ್ತು ದೇವಸ್ಥಾನದ ಕಟ್ಟೆಯ ಮೇಲೋ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೋ ನಾಲ್ಕಾರು ಹುಡುಗರು ಮೊಬೈಲ್ ಹಿಡಿದು ಕೂತಿರುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಆದರೆ ಎಲ್ಲರೂ ಆಡುತ್ತಿರುವುದು ಒಂದೇ ಆಟ. ಬೆಂಗಳೂರಿಗೆ ಕೆಲಸಕ್ಕೆ ಹೋದ ಗೆಳೆಯನೂ ಅದೇ ಆಟದಲ್ಲಿರುತ್ತಾನೆ, ಹೆಸರು ದಿಕ್ಕು ಗೊತ್ತಿಲ್ಲದ ಹತ್ತಾರು ಊರುಗಳ ಜನರೂ ಇರುತ್ತಾರೆ. ಇದನ್ನು ಕಂಡ ಹಿರಿಯರು ಹೇಳುವುದು ಒಂದೇ ಮಾತು: ನಮ್ಮ ಕಾಲದಲ್ಲಿ ಇದ್ದದ್ದು ಆಟ, ಇದು ಪಿಡುಗು. ಹುಡುಗರ ಉತ್ತರವೂ ಅಷ್ಟೇ ಚುಟುಕು: ನಿಮಗೆ ಇದು ಗೊತ್ತಾಗುವುದಿಲ್ಲ. ಎರಡೂ ಮಾತಿನ ಹಿಂದೆ ಇರುವ ನಂಬಿಕೆ ಮಾತ್ರ ಒಂದೇ, ಇಂಥದ್ದು ಹಿಂದೆಂದೂ ಇರಲಿಲ್ಲ ಎಂಬುದು. ಈ ನಾಡಿನ ಆಟಗಳ ಚರಿತ್ರೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಗುಂಪು ಕಟ್ಟಿಕೊಂಡು ಆಡುವುದು, ಗುರುತಿಲ್ಲದವರೊಡನೆ ಆಡುವುದು, ಕಣ್ಣಿಗೆ ಕಾಣದಷ್ಟು ದೂರದಿಂದ ಆಡುವುದು, ಪಣ ಒಡ್ಡುವುದು, ಆಟದ ಹುಚ್ಚಿನಲ್ಲಿ ಮನೆಮಠ ಮರೆಯುವುದು, ಇವು ಯಾವುವೂ ಹೊಸದಲ್ಲ. ಹೊಸದಾಗಿರುವುದು ಒಂದು ಸಂಗತಿ ಮಾತ್ರ. ಆಟದ ಹಾಸು ಆಡುವವರ ಕೈತಪ್ಪಿ ದೂರದ ಒಡೆಯನ ಕೈಸೇರಿದೆ. ನಮ್ಮ ಚಿಂತೆ, ನಮ್ಮ ಕಾನೂನು, ನಮ್ಮ ಮನೆಯ ಜಗಳ ಎಲ್ಲವೂ ಈ ಒಂದು ಸಂಗತಿಯನ್ನು ಬಿಟ್ಟು ಉಳಿದೆಲ್ಲದರ ಸುತ್ತ ಸುತ್ತುತ್ತಿವೆ ಎಂಬುದು ನನ್ನ ವಾದ.

ಮೊದಲು ಚೌಕಾಬಾರವನ್ನೇ ತೆಗೆದುಕೊಳ್ಳಿ. ಹಳೇ ಮೈಸೂರಿನ ಉದ್ದಗಲಕ್ಕೂ ಮನೆಯ ಜಗಲಿಯಲ್ಲಿ, ಪಡಸಾಲೆಯಲ್ಲಿ ಆಡುತ್ತಿದ್ದ ಆಟ ಇದು. ಕಟ್ಟೆಮನೆ ಎಂದರೂ ಇದೇ. ಇದ್ದಿಲಿನಲ್ಲೋ ಸೀಮೆಸುಣ್ಣದಲ್ಲೋ ಐದೈದು ಸಾಲಿನ ಇಪ್ಪತ್ತೈದು ಮನೆ ಗೀಚುತ್ತಾರೆ. ನಾಲ್ಕು ದಿಕ್ಕಿನ ನಡುಮನೆಗಳಿಗೂ ಒಳಗಿನ ಹಣ್ಣಿನ ಮನೆಗೂ ಅಡ್ಡಗೀಟು ಎಳೆದರೆ ಅವು ಕಟ್ಟೆಗಳು, ಅಲ್ಲಿ ನಿಂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಕವಡೆ ಇದ್ದರೆ ಕವಡೆ, ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಂಡರೆ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಜೊತೆಗೆ ಇನ್ನೊಂದು ಸಲ ಹಾಕುವ ಹಕ್ಕು. ಕಾಯಿಗಳು ಬಳೆಚೂರು, ಕಡ್ಡಿ, ಕಲ್ಲು, ಕೈಗೆ ಸಿಕ್ಕಿದ್ದು. ಹೊರಸುತ್ತು ಮುಗಿಸಿ ಒಳಸುತ್ತಿಗೆ ಇಳಿಯಬೇಕಾದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿದಿರಬೇಕು ಎಂಬುದು ಒಂದೂರಿನ ಕಟ್ಟಳೆ, ಪಕ್ಕದೂರಿನಲ್ಲಿ ಅದಿಲ್ಲ. ಜೋಡಿಕಾಯಿ ಕಟ್ಟಬಹುದೇ, ಎಷ್ಟು ಸಲ ಮತ್ತೆ ಹಾಕಬಹುದು, ಈ ಲೆಕ್ಕಗಳೂ ಮನೆಯಿಂದ ಮನೆಗೆ ಬೇರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆ ತವರಿನ ಕಟ್ಟಳೆ ಹೇಳಿದರೆ ಆಟಕ್ಕೆ ಮೊದಲು ಒಂದಿಷ್ಟು ವಾದ ನಡೆದು ಒಪ್ಪಂದವಾಗುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು ಆಟದ ಸರಳತೆಗಿಂತ ಹೆಚ್ಚಾಗಿ ಅದರ ಯಜಮಾನಿಕೆ. ಹಾಸು ಬರೆದವರು ಆಡುವವರೇ, ಕಟ್ಟಳೆ ಮಾಡಿದವರೂ ಅವರೇ, ತಿದ್ದುವವರೂ ಅವರೇ. ಆಟ ಮುಗಿದ ಮೇಲೆ ಒದ್ದೆಬಟ್ಟೆಯಲ್ಲಿ ಒರೆಸಿ ಅಳಿಸುವವರೂ ಅವರೇ.

ಈ ಯಜಮಾನಿಕೆ ಬಡವರ ಆಟಕ್ಕೆ ಮಾತ್ರ ಸೀಮಿತವಾದದ್ದೇನಲ್ಲ. ಅಳಗುಳಿ ಮನೆಯ ಹದಿನಾಲ್ಕು ಗುಳಿಗಳು, ಮೂರು ಹುಲಿ ಹದಿನೈದು ಕುರಿಗಳ ಆಟದ ಗೆರೆಗಳು ಹಂಪಿಯಂಥ ಕಡೆ ಹಳೆಯ ಕಲ್ಲುಹಾಸಿನ ಮೇಲೆ ಇವತ್ತಿಗೂ ಕಾಣುತ್ತವೆ. ಕೆತ್ತಿದವರ ಹೆಸರು ಅಲ್ಲಿಲ್ಲ. ಬಂದವರೆಲ್ಲ ಕೂತು ಆಡಬಹುದಿತ್ತು. ಹುಲಿ-ಕುರಿ ಆಟದಲ್ಲಿ ಎರಡು ಪಕ್ಷಗಳ ಬಲವೇ ಬೇರೆ ಬೇರೆ: ಹುಲಿಗೆ ಹಾರಿ ತಿನ್ನುವ ಶಕ್ತಿ, ಕುರಿಗೆ ಒಟ್ಟಾಗಿ ದಾರಿ ಕಟ್ಟುವ ಶಕ್ತಿ. ಒಂದು ಕಡೆ ಕೆಲವೇ ಬಲಿಷ್ಠರು, ಇನ್ನೊಂದು ಕಡೆ ಬಹುಮಂದಿ ದುರ್ಬಲರು ಎಂಬ ಈ ಹೂಟವನ್ನು ಇವತ್ತಿನ ಆನ್‌ಲೈನ್ ಆಟಗಳನ್ನು ಕಟ್ಟುವವರೂ ಬಿಟ್ಟಿಲ್ಲ. ಅರಮನೆಯ ಆಟಗಳ ಕಥೆಯೂ ಹೀಗೆಯೇ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳ ವಿವರವಾದ ವರ್ಣನೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ ತಮ್ಮ ಬಿಡುವಿನ ಬಹುಪಾಲನ್ನು ಆಟಗಳಿಗೆ ಕೊಟ್ಟರು. ಹೊಸ ಹಾಸುಗಳನ್ನು ರೂಪಿಸಿದರು, ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡನೇ ಸಲ ತುಳಿಯದಂತೆ ಅರವತ್ತನಾಲ್ಕು ಮನೆಯಲ್ಲೂ ನಡೆಸುವ ಲೆಕ್ಕಗಳನ್ನು ಬಿಡಿಸಿದರು, 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟಗಳನ್ನು ಸಂಗ್ರಹಿಸಿದರು. ರಾಜನೇ ಕಟ್ಟಿದ ಆಟವಾದರೂ ಒಮ್ಮೆ ನೋಡಿ ಕಲಿತವನು ಅದನ್ನು ತನ್ನೂರಿನ ಜಗಲಿಯ ಮೇಲೆ ಬರೆದುಕೊಂಡರೆ ತಡೆಯುವವರಿರಲಿಲ್ಲ. ಈ ಆಟಗಳನ್ನು ಮತ್ತೆ ಬಳಕೆಗೆ ತರಲು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆಗಳಿಗೆ ಸಾಧ್ಯವಾದದ್ದೂ ಇದೇ ಕಾರಣಕ್ಕೆ. ಇವು ಯಾರ ಸ್ವತ್ತೂ ಆಗಿರಲಿಲ್ಲ.

ಹಾಸು ಆಡುವವರದು ಎಂದಮಾತ್ರಕ್ಕೆ ಆಟಕ್ಕೆ ಅಂಕೆಯಿರಲಿಲ್ಲ ಎಂದಲ್ಲ. ಅಂಕೆ ಇತ್ತು, ಅದು ಜಾಗ ಮತ್ತು ಕಾಲದ ಮೂಲಕ ಬರುತ್ತಿತ್ತು. ಜೂಜಿನ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಜೂಜು ಒಂದೇ ಗೊತ್ತಾದ ಜಾಗದಲ್ಲಿ ನಡೆಯಬೇಕು, ಬೇರೆ ಕಡೆ ಆಡಿದವನಿಗೆ ದಂಡ, ಗೆದ್ದವನ ಹಣದಲ್ಲಿ ನೂರಕ್ಕೆ ಐದು ಭಾಗ ಸರ್ಕಾರಕ್ಕೆ ಎಂದು ವಿಧಿಸಿತು. ಹಳ್ಳಿಗಳು ಇದೇ ಕೆಲಸವನ್ನು ಪಂಚಾಂಗದಿಂದ ಮಾಡಿದವು. ಶಿವರಾತ್ರಿಯ ಜಾಗರಣೆಗೆ ಪಗಡೆ, ಯುಗಾದಿಯ ಆಸುಪಾಸಿಗೆ ಇಸ್ಪೀಟು, ಹೊಸತೊಡಕಿನ ದಿನ ಬಾಡೂಟದ ಜೊತೆ ಇನ್ನೊಂದು ಸುತ್ತು. ಇದರಲ್ಲಿ ಸೋತು ಕಾಯಿ ಮಾರಿದ ದುಡ್ಡನ್ನೆಲ್ಲ ಕಳೆದವರಿಲ್ಲವೆಂದೇನೂ ಅಲ್ಲ. ಇವತ್ತಿಗೂ ಯುಗಾದಿ ಬಂತೆಂದರೆ ಜೂಜು ಅಡ್ಡೆಗಳ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಬಂದೇ ಬರುತ್ತದೆ. ಕುಮಾರವ್ಯಾಸನ ಧರ್ಮರಾಯನನ್ನು ಬಲ್ಲ ಕನ್ನಡಿಗರಿಗೆ ಆಟದ ಹುಚ್ಚು ಏನು ಮಾಡುತ್ತದೆಂದು ಮೊಬೈಲು ಬಂದು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹಬ್ಬ ಮುಗಿದರೆ ಊರಿನ ಕಣ್ಣಿನಲ್ಲಿ ಆ ಸಲಿಗೆಯೂ ಮುಗಿಯಿತು. ಪಣವಿಲ್ಲದ ಆಟಗಳಿಗೂ ಮುಗಿತಾಯ ಹೊರಗಿನಿಂದಲೇ ಬರುತ್ತಿತ್ತು: ಹೊತ್ತು ಮುಳುಗುವುದು, ದನ ಹಟ್ಟಿಗೆ ಬರುವುದು, ದೀಪದೆಣ್ಣೆ ತೀರುವುದು, ಅವ್ವ ಕೂಗುವುದು. ಆಟದ ಒಳಗೆ ಎಷ್ಟೇ ಸೆಳೆತವಿರಲಿ, ಅದನ್ನು ನಿಲ್ಲಿಸುವ ಗಂಟೆ ಆಟದ ಹೊರಗಿತ್ತು.

ಈಗ ಬಯಲಿನ ಕಥೆ. ಮಕ್ಕಳ ಬಯಲಾಟಗಳನ್ನು ಮೊಬೈಲು ಕೊಂದಿತು ಎಂಬ ಮಾತು ತೆಂಗಿನ ಸೀಮೆಯಲ್ಲಿ ಅರ್ಧ ಮಾತ್ರ ನಿಜ. ಲಗೋರಿಗೆ, ಚಿನ್ನಿದಾಂಡಿಗೆ, ಕಬಡ್ಡಿಗೆ ಬೇಕಾಗಿದ್ದದ್ದು ತೆರವಾದ ನೆಲ. ರಾಗಿಯ ಕಾಲದಲ್ಲಿ ಆ ನೆಲ ಪ್ರತಿ ವರ್ಷ ತಾನಾಗಿ ಸಿಗುತ್ತಿತ್ತು. ಕೊಯ್ಲು ಮುಗಿದು ಕಣ ಮಾಡಿ, ಸಗಣಿ ಸಾರಿಸಿ, ಒಕ್ಕಣೆ ಮುಗಿಸಿದ ಮೇಲೆ ಕಣವೂ ಅದರ ಸುತ್ತಣ ಹೊಲವೂ ಮುಂದಿನ ಉಳುಮೆಯ ತನಕ ಊರಿನ ಮಕ್ಕಳ ಪಾಲು. ಮರಕೋತಿ ಆಟಕ್ಕೆ ಊರ ಮುಂದಿನ ಗುಂಡುತೋಪಿತ್ತು; ಕೊಂಬೆಯಿಲ್ಲದ ತೆಂಗಿನಲ್ಲಿ ಮರಕೋತಿ ಆಡಲಾಗುವುದಿಲ್ಲ, ಅದಕ್ಕೆ ಹುಣಸೆ, ಆಲ, ಮಾವು ಬೇಕು. ಕೊಳವೆಬಾವಿಗಳು ಬಂದಮೇಲೆ ಕೆರೆಯ ಹಿಂದಿನ ತಗ್ಗಿಗೆ ಸೀಮಿತವಾಗಿದ್ದ ತೆಂಗು ಮೇಲಿನ ರಾಗಿ ಹೊಲಗಳಿಗೂ ಏರಿತು. ತೋಟವೆಂದರೆ ವರ್ಷಪೂರ್ತಿ ಬೇಲಿ, ವರ್ಷಪೂರ್ತಿ ಬೆಳೆ. ಅಲ್ಲಿ ಸುಗ್ಗಿಯ ಮರುದಿನ ತೆರೆದುಕೊಳ್ಳುವ ಬಯಲಿಲ್ಲ. ಎಷ್ಟೋ ಊರುಗಳಲ್ಲಿ ಗುಂಡುತೋಪುಗಳು ಒತ್ತುವರಿಯಾದವು, ಗೋಮಾಳಗಳು ಕರಗಿದವು. ತೋಟ ಮಕ್ಕಳಿಗೆ ಆಟದ ಸಾಮಾನನ್ನೇನೋ ಧಾರಾಳವಾಗಿ ಕೊಟ್ಟಿತು. ಗರಿಯ ಪೀಪಿ, ಗಿರಿಗಿಟ್ಟಳೆ, ಕರಟದ ತಕ್ಕಡಿ, ಎಡೆಮಟ್ಟೆ ಕೆತ್ತಿ ಮಾಡಿದ ಕ್ರಿಕೆಟ್ ಬ್ಯಾಟು, ಎಲ್ಲವೂ ಪುಕ್ಕಟೆ. ಆದರೆ ಆ ಬ್ಯಾಟು ಬೀಸಲು ಬೇಕಾದ ನೆಲವನ್ನು ಅದೇ ತೋಟ ತೆಗೆದುಕೊಂಡಿತು. ಮೊಬೈಲು ಬಂದದ್ದು ಬಯಲು ಹೋದಮೇಲೆ. ಹುಡುಗರು ಪರದೆಯ ಮೇಲಿನ ಮೈದಾನಕ್ಕೆ ಇಳಿದದ್ದಕ್ಕೆ ಅವರನ್ನು ಬೈಯುವ ಮುಂಚೆ, ಕಾಲಿನ ಕೆಳಗಿನ ಮೈದಾನವನ್ನು ಬೇಲಿಯೊಳಗೆ ಸೇರಿಸಿಕೊಂಡವರು ಯಾರೆಂದು ಹಿರಿಯರಾದ ನಾವು ಕೇಳಿಕೊಳ್ಳಬೇಕು.

ದೂರದವರ ಜೊತೆ, ಮುಖ ನೋಡದೆ, ದುಡ್ಡು ಕಟ್ಟಿ ಆಡುವುದಕ್ಕೂ ಕರ್ನಾಟಕದಲ್ಲೇ ಹಳೆಯ ಉದಾಹರಣೆಯಿದೆ. ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಆರ್‌ಎಂಡಿಸಿ ಕ್ರಾಸ್‌ವರ್ಡ್ಸ್ ಎಂಬ ಬಹುಮಾನದ ಪದಬಂಧ ನಡೆಸುತ್ತಿತ್ತು. ಪ್ರವೇಶಧನ ಕೊಟ್ಟು ಚೌಕ ತುಂಬಿ ಕಳಿಸಿದವರಲ್ಲಿ ಉತ್ತರ ಹೊಂದಿದವರಿಗೆ ಬಹುಮಾನ. ಪತ್ರಿಕೆಗೆ ಆಗಿನ ಮುಂಬಯಿ ರಾಜ್ಯದಲ್ಲಿ ದೊಡ್ಡ ಪ್ರಸಾರವಿತ್ತು. ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಯ ಸ್ಪರ್ಧೆಗೂ ತೆರಿಗೆ ಅನ್ವಯವಾಗುವಂತೆ ಮುಂಬಯಿ ಸರ್ಕಾರ 1952ರಲ್ಲಿ ಕಾನೂನು ತಿದ್ದಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 1957ರ ಏಪ್ರಿಲ್ 9ರಂದು ತೀರ್ಪು ಬಂತು. ಜೂಜು ವ್ಯಾಪಾರವಲ್ಲ, ಆದ್ದರಿಂದ ಸಂವಿಧಾನ ವ್ಯಾಪಾರಕ್ಕೆ ಕೊಟ್ಟ ರಕ್ಷಣೆ ಅದಕ್ಕೆ ಸಿಗುವುದಿಲ್ಲ ಎಂದಿತು ನ್ಯಾಯಾಲಯ. ಈ ಮೊಕದ್ದಮೆಯನ್ನು ವಕೀಲರು ಇವತ್ತಿಗೂ ಉಲ್ಲೇಖಿಸುವುದು ಕೌಶಲ ಮತ್ತು ಅದೃಷ್ಟದ ಭೇದಕ್ಕಾಗಿ. ನನಗೆ ಅದರಲ್ಲಿ ಮುಖ್ಯವೆನಿಸುವುದು ಬೇರೆ ಸಂಗತಿ. ಎರಡು ಪದಗಳೂ ಹೊಂದುವಂಥ ಸುಳಿವು ಕೊಟ್ಟಾಗ ಯಾವ ಪದ ಸರಿಯೆಂದು ತೀರ್ಮಾನಿಸುವವರು ಸ್ಪರ್ಧೆ ನಡೆಸುವವರೇ. ಆಡುವವರು ಒಬ್ಬರಿಗೊಬ್ಬರು ಕಾಣರು, ಕಟ್ಟಳೆಯ ಬಗ್ಗೆ ವಾದಿಸುವ ಜಗಲಿಯಿಲ್ಲ, ಸರಿಯುತ್ತರ ಹಾಸಿನ ಒಡೆಯನ ಬಳಿಯಿದೆ. ಸಂಸತ್ತು 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆಯಲ್ಲಿ ತಿಂಗಳ ಬಹುಮಾನವನ್ನು ಒಂದು ಸಾವಿರ ರೂಪಾಯಿಗೂ ಪ್ರವೇಶಗಳನ್ನು ಎರಡು ಸಾವಿರಕ್ಕೂ ಮಿತಿಗೊಳಿಸಿತು. ಇಂಥ ಆಟದ ಅಪಾಯ ಅದರ ಗಾತ್ರದಲ್ಲಿದೆ ಎಂದು ಆಗಿನವರು ಸರಿಯಾಗಿಯೇ ಗುರುತಿಸಿದ್ದರು.

ಹಾಸಿಗೆ ಒಡೆಯ ಹುಟ್ಟಿದ ಇನ್ನೊಂದು ದಾರಿ ನಮ್ಮ ಪಗಡೆಯದೇ. ಭಾರತದ ಪಚ್ಚೀಸಿಯನ್ನು ಕಂಡ ಇಂಗ್ಲಿಷರು ಕವಡೆ ತೆಗೆದು ದಾಳ ಹಾಕಿ, ದಾರಿಯನ್ನು ಸರಳ ಮಾಡಿ, 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದರು. ಶತಮಾನಗಳ ಕಾಲ ಬಟ್ಟೆಯ ಮೇಲೆ, ಕಲ್ಲಿನ ಮೇಲೆ ಯಾರು ಬೇಕಾದರೂ ಬರೆದುಕೊಂಡ ಹಾಸು ರಟ್ಟಿನ ಡಬ್ಬಿಯಲ್ಲಿ ಮಾರಾಟದ ಸರಕಾಗಿ ವಾಪಸು ಬಂತು. ಆದರೂ ಆ ಡಬ್ಬಿಯನ್ನು ಒಮ್ಮೆ ಕೊಂಡವನು ಮನೆಯಲ್ಲಿ ತನಗೆ ತೋಚಿದ ಕಟ್ಟಳೆಯಲ್ಲೇ ಆಡಬಹುದಿತ್ತು, ಮಾರಿದವನು ಬಂದು ಕೇಳುತ್ತಿರಲಿಲ್ಲ. 2016ರಲ್ಲಿ ಮುಂಬಯಿಯ ಒಂದು ಕಂಪನಿ ಲೂಡೊ ಕಿಂಗ್ ಎಂಬ ಮೊಬೈಲ್ ಆಟ ಹೊರತಂದಿತು. ಅದೇ ವರ್ಷದ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗಿ ಅಗ್ಗದ ಡೇಟಾ ತೋಟದ ಮನೆಗಳನ್ನೂ ತಲುಪತೊಡಗಿತು. 2020ರ ಲಾಕ್‌ಡೌನ್‌ನಲ್ಲಿ ದೂರದೂರಿನ ಅಕ್ಕತಂಗಿಯರು, ಅತ್ತಿಗೆ ನಾದಿನಿಯರು ಈ ಲೂಡೊದಲ್ಲಿ ಮತ್ತೆ ಒಂದು ಹಾಸಿನ ಸುತ್ತ ಕೂತರು. ಅದೊಂದು ಒಳ್ಳೆಯ ಸಂಗತಿ, ಅದನ್ನು ಅಲ್ಲಗಳೆಯಬಾರದು. ಆದರೆ ಈಗ ಕವಡೆ ಬೀಳುವುದು ಕಣ್ಣೆದುರಿಗಲ್ಲ, ಕಂಪನಿಯ ಲೆಕ್ಕದೊಳಗೆ. ಹಾಸಿನ ಪಕ್ಕದಲ್ಲಿ ಜಾಹೀರಾತು ಬರುತ್ತದೆ, ಚೆಂದದ ದಾಳಕ್ಕೆ ಬೆಲೆಯಿದೆ. ತವರಿನ ಕಟ್ಟಳೆ ಹೇಳುವ ಸೊಸೆಗೆ ಇಲ್ಲಿ ಯಾರ ಹತ್ತಿರ ವಾದಿಸಬೇಕೆಂದು ತಿಳಿಯುವುದಿಲ್ಲ.

ಹುಡುಗರ ದೊಡ್ಡ ಆಟಕ್ಕೆ ಬರೋಣ. ಪಬ್‌ಜಿ ಮೊಬೈಲ್ 2018ರಲ್ಲಿ ಬಂತು. ನೂರು ಜನರವರೆಗೆ ವಿಮಾನದಿಂದ ಬರಿಗೈಯಲ್ಲಿ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಎರಾಂಗೆಲ್ ಎಂಬ ಅದರ ಹಳೆಯ ನಕ್ಷೆ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಪಾಳುಮನೆಗಳಲ್ಲಿ ಬಂದೂಕು, ಔಷಧಿ, ಕವಚ ಹುಡುಕಬೇಕು. ಹೊರಗಿನಿಂದ ನೀಲಿ ವೃತ್ತವೊಂದು ಕುಗ್ಗುತ್ತ ಬಂದು ಎಲ್ಲರನ್ನೂ ನಡುವಿಗೆ ದಬ್ಬುತ್ತದೆ. ನಾಲ್ವರ ಸ್ಕ್ವಾಡಿನಲ್ಲಿ ಒಬ್ಬ ನೆಲಕ್ಕೆ ಬಿದ್ದರೆ ಇನ್ನೊಬ್ಬ ಗುಂಡಿನ ನಡುವೆ ತೆವಳಿ ಹೋಗಿ ಕೆಲವು ಸೆಕೆಂಡು ಪಕ್ಕದಲ್ಲಿ ಕೂತು ಎಬ್ಬಿಸಬೇಕು, ಅಷ್ಟು ಹೊತ್ತು ಉಳಿದಿಬ್ಬರು ಕಾವಲು. ಇದು ಜಾಣ್ಮೆ, ನಂಬಿಕೆ, ಒಗ್ಗಟ್ಟು ಬೇಡುವ ಆಟ. ಹುಡುಗರು ಅದಕ್ಕೆ ಮನಸೋತದ್ದರಲ್ಲಿ ಆಶ್ಚರ್ಯವಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ಪಬ್‌ಜಿಯೂ ಇತ್ತು; ಅಕ್ಟೋಬರ್ ಕೊನೆಗೆ ಆಟ ಪೂರ್ತಿ ನಿಂತಿತು. 2021ರ ಜುಲೈಯಲ್ಲಿ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತಕ್ಕೆಂದು ತಂದಿತು. 2022ರ ಜುಲೈಯಲ್ಲಿ ಅದನ್ನೂ ಆಪ್ ಅಂಗಡಿಗಳಿಂದ ತೆಗೆಯಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂದಾಗ ಹದಿನೆಂಟು ದಾಟದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿಯಿತ್ತು. ನಿಷೇಧಕ್ಕೆ ಸರ್ಕಾರ ಹೇಳಿದ ಕಾರಣ ದೇಶದ ಭದ್ರತೆ. ಅದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಗಮನಿಸಬೇಕಾದದ್ದು, ಈ ಏರಿಳಿತದಲ್ಲಿ ಆಡುವವರ ಮಾತಿಗೆ ಎಲ್ಲೂ ಜಾಗವಿರಲಿಲ್ಲ. ಚೌಕಾಬಾರವನ್ನು ಅಳಿಸಿದವರು ಮರುದಿನ ಬೆಳಗ್ಗೆ ಅದನ್ನು ತಾವೇ ಬರೆದುಕೊಳ್ಳಬಹುದಿತ್ತು.

ಕಾನೂನು ಈ ಪ್ರಶ್ನೆಯನ್ನು ಕೇಳಿದೆಯೇ? 1963ರ ಪೊಲೀಸ್ ಕಾಯ್ದೆಯಿಂದ ಇಲ್ಲಿಯವರೆಗೆ ನಮ್ಮ ರಾಜ್ಯದ ಕಾನೂನು ಕೇಳುತ್ತ ಬಂದದ್ದು ಮುಖ್ಯವಾಗಿ ಎರಡು ಪ್ರಶ್ನೆ: ಆಟದಲ್ಲಿ ಕೌಶಲ ಹೆಚ್ಚೋ ಅದೃಷ್ಟ ಹೆಚ್ಚೋ, ಪಣವಿದೆಯೋ ಇಲ್ಲವೋ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕೌಶಲವಿದ್ದರೂ ನಿಷೇಧಿಸುವ ತಿದ್ದುಪಡಿಯನ್ನು ಕರ್ನಾಟಕ 2021ರಲ್ಲಿ ತಂದಿತು, ಅಕ್ಟೋಬರ್ 5ರಿಂದ ಅದು ಜಾರಿಯಾಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಪ್ರೋತ್ಸಾಹಿಸುವ ದಾರಿ ಹಿಡಿದಿದೆ. ಸಾಲ ಮಾಡಿ ರಮ್ಮಿ ಆಡಿ ಹಾಳಾದ ಮನೆಗಳನ್ನು ಕಂಡವರು ಇದನ್ನು ಸ್ವಾಗತಿಸಿದ್ದು ಸಹಜ, ನಾನೂ ಸ್ವಾಗತಿಸುತ್ತೇನೆ. ಆದರೂ ಪಣವಿಲ್ಲ ಎಂಬ ಕಾರಣಕ್ಕೇ ಒಂದು ಆಟ ನಿರಪಾಯವಾಗುವುದಿಲ್ಲ. ಪಣವಿಲ್ಲದ ಆಟದಲ್ಲೂ ಒಡೆಯನಿಗೆ ಲಾಭ ಬರುವುದು ಆಡುವವನು ಇನ್ನಷ್ಟು ಹೊತ್ತು ಕೂತಾಗ, ಬಣ್ಣದ ಉಡುಪಿಗೆ ದುಡ್ಡು ಕೊಟ್ಟಾಗ. ಜಗಲಿಯ ಆಟದಲ್ಲಿ ನೀವು ಎದ್ದುಹೋದರೆ ಯಾರ ಗಲ್ಲಾಪೆಟ್ಟಿಗೆಗೂ ನಷ್ಟವಿರಲಿಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಆಟದ ಹಾಸು ಊರಿನದಾಗಿತ್ತು ಎನ್ನುತ್ತೀರಲ್ಲ, ಆ ಊರು ಯಾರದಾಗಿತ್ತು? ದೇವಸ್ಥಾನದ ಕಟ್ಟೆ ಏರಲು ದಲಿತರ ಮಕ್ಕಳಿಗೆ ಹಕ್ಕಿರಲಿಲ್ಲ. ಹೆಣ್ಣುಮಕ್ಕಳು ಮೈನೆರೆದ ಮೇಲೆ ಬಯಲು ಬಿಟ್ಟು ಪಡಸಾಲೆಯ ಅಳಗುಳಿ ಮನೆಗೆ ಸೇರಬೇಕಿತ್ತು. ಯಾರ ಜೊತೆ ಯಾರು ಕೂತು ಆಡಬಹುದೆಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಆನ್‌ಲೈನ್ ಆಟ ಜಾತಿ ಕೇಳುವುದಿಲ್ಲ. ಸ್ಕ್ವಾಡಿನಲ್ಲಿ ಬಿದ್ದವನನ್ನು ಎಬ್ಬಿಸಲು ಹೋಗುವವನು ಅವನ ಕೇರಿ ಯಾವುದೆಂದು ವಿಚಾರಿಸುವುದಿಲ್ಲ. ಈ ಮಾತು ಪೂರ್ತಿ ನಿಜ. ಹಳೆಯ ಆಟಗಳನ್ನು ಹಾಡಿಹೊಗಳುವ ಬರಹಗಳು ಇದನ್ನು ಮುಚ್ಚಿಡುವುದು ಅನ್ಯಾಯ. ಹೊಸ ಆಟ ತೆರೆದ ಈ ಬಾಗಿಲು ಮತ್ತೆ ಮುಚ್ಚಬಾರದು. ಊರು ಬಿಟ್ಟು ಕೆಲಸಕ್ಕೆ ಹೋದ ಹುಡುಗರಿಗೆ ಗೆಳೆತನ ಉಳಿಸಿಕೊಳ್ಳುವ ದಾರಿಯಾಗಿಯೂ ಇದು ಬೆಲೆಬಾಳುತ್ತದೆ. ಆದರೆ ಒಳಗೆ ಬರುವ ಹಕ್ಕು ಬೇರೆ, ಒಳಗಿನ ಕಟ್ಟಳೆಯಲ್ಲಿ ಪಾಲು ಬೇರೆ. ಕಟ್ಟೆ ಏರುವ ಹಕ್ಕಿಗಾಗಿ ಹೋರಾಡಿದವರು ಕಟ್ಟೆಯ ಮೇಲೆ ಬರೀ ಕೂರುವುದಕ್ಕಾಗಿ ಹೋರಾಡಲಿಲ್ಲ, ಅಲ್ಲಿ ನಡೆಯುವ ಪಂಚಾಯಿತಿಯಲ್ಲಿ ಮಾತಾಡುವುದಕ್ಕೂ ಹೋರಾಡಿದರು. ಕಂಪನಿಯ ಹಾಸಿನ ಮೇಲೆ ಎಲ್ಲರೂ ಸಮಾನರಾಗಿರುವುದು ಬಹುಪಾಲು ಮಾತಿಲ್ಲದ ಸಮಾನತೆ. ಅದರ ಮೇಲೆ ಒಳ್ಳೆಯ ಫೋನು, ದುಡ್ಡು ಕೊಟ್ಟ ವೇಷ ಎಂಬ ಹೊಸ ಮೇಲುಕೀಳುಗಳೂ ಬೆಳೆದಿವೆ. ಹಳೆಯ ಕಟ್ಟೆಯ ಒಡೆತನವೂ ಹೊಸ ಹಾಸಿನ ತೆರೆದ ಬಾಗಿಲೂ ಒಟ್ಟಿಗೆ ಬೇಕೆಂದು ಕೇಳುವುದು ದುರಾಸೆಯಲ್ಲ.

ಎರಡನೆಯ ಆಕ್ಷೇಪ ವ್ಯವಹಾರದ್ದು. ಇಂಥ ಆಟ ಕಟ್ಟಲು ನೂರಾರು ಜನರ ದುಡಿಮೆ ಬೇಕು, ಸರ್ವರುಗಳಿಗೆ ಹಣ ಬೇಕು, ಒಡೆಯನಿಲ್ಲದೆ ಅದು ನಡೆಯುವುದಾದರೂ ಹೇಗೆ? ಜೂಜಿನ ಹಾಸಿಗೆ ಕೌಟಿಲ್ಯನ ಕಾಲದಲ್ಲೇ ಒಡೆಯನಿದ್ದನಲ್ಲ, ದಾಳ ಬಾಡಿಗೆಗೆ ಕೊಟ್ಟು ನೂರಕ್ಕೆ ಐದು ಕಿತ್ತುಕೊಳ್ಳುತ್ತಿದ್ದನಲ್ಲ? ಹೌದು, ಜೂಜಿಗೆ ಒಡೆಯ ಯಾವಾಗಲೂ ಇದ್ದ. ನನ್ನ ತಕರಾರು ಅದೇ: ಹಿಂದೆ ಜೂಜುಕಟ್ಟೆಗಷ್ಟೇ ಇದ್ದ ಪದ್ಧತಿ ಈಗ ಮಕ್ಕಳ ಬರಿಯ ಆಟಕ್ಕೂ ಹಬ್ಬಿದೆ. ದೊಡ್ಡ ಆಟಕ್ಕೆ ಕಂಪನಿ ಬೇಕಾಗಬಹುದು, ಎಲ್ಲ ಆಟಕ್ಕೂ ಬೇಕಿಲ್ಲ. ಲಿಚೆಸ್ ಎಂಬ ಚದುರಂಗದ ತಾಣ 2010ರಿಂದ ನಡೆಯುತ್ತಿದೆ. ಜಾಹೀರಾತಿಲ್ಲ, ಶುಲ್ಕವಿಲ್ಲ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ದೇಣಿಗೆಯಿಂದ ನಡೆಸುತ್ತದೆ. ಅದರ ತಂತ್ರಾಂಶ ತೆರೆದಿಟ್ಟಿದ್ದಾರೆ, ಯಾರು ಬೇಕಾದರೂ ನಕಲು ಮಾಡಿಕೊಂಡು ತಮ್ಮ ಕಟ್ಟಳೆಯಲ್ಲಿ ನಡೆಸಬಹುದು. ಜಗತ್ತಿನ ಮೂಲೆಮೂಲೆಯ ಜನ ಅಲ್ಲಿ ಗುರುತಿಲ್ಲದವರೊಡನೆ ಆಡುತ್ತಾರೆ. ದೂರದ ಆಟಕ್ಕೂ ಜಗಲಿಯ ಒಡೆತನಕ್ಕೂ ಹುಟ್ಟಾ ವೈರವಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮೂರನೆಯ ಆಕ್ಷೇಪ ತಾಯ್ತಂದೆಯರದು, ಅದು ಸಂಕಟದಿಂದ ಬಂದದ್ದು. ಒಡೆತನದ ಮಾತು ಇರಲಿ, ಮಗ ರಾತ್ರಿ ಎರಡು ಗಂಟೆಯವರೆಗೆ ಆಡುತ್ತಾನೆ, ಕಾಲೇಜು ಬಿಟ್ಟಿದ್ದಾನೆ, ದೋಷ ಆಟದಲ್ಲೇ ಇದೆಯಲ್ಲವೇ? ತೊಂದರೆ ನಿಜ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ ಆಟದ ವ್ಯಸನವನ್ನು ಸೇರಿಸಿತು, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆದರೆ ಆಡುವವರೆಲ್ಲ ರೋಗಿಗಳಲ್ಲ, ಬದುಕಿನ ಉಳಿದೆಲ್ಲವನ್ನೂ ಆಟ ತಿಂದುಹಾಕಿದಾಗ ಮಾತ್ರ ಅದು ರೋಗ. ಹಿಂದಿನ ಆಟಗಳಲ್ಲೂ ಸೆಳೆತವಿತ್ತು, ಅದಕ್ಕೆ ಎದುರಾಗಿ ಮುಳುಗುವ ಹೊತ್ತೂ ತೀರುವ ಎಣ್ಣೆಯೂ ಇದ್ದವು. ಕಂಪನಿಯ ಹಾಸಿನ ಮೇಲೆ ಹೊತ್ತು ಮುಳುಗುವುದಿಲ್ಲ. ಒಂದು ಪಂದ್ಯ ಮುಗಿದ ಕೂಡಲೇ ಇನ್ನೊಂದಕ್ಕೆ ಕರೆಯುವ ಗುಂಡಿ, ಇವತ್ತು ಬಾರದಿದ್ದರೆ ತಪ್ಪಿಹೋಗುವ ಉಡುಗೊರೆ, ಇವು ಆಟದ ಸಹಜ ಗುಣಗಳಲ್ಲ, ಒಡೆಯನ ಲಾಭಕ್ಕಾಗಿ ಯೋಚಿಸಿ ಇಟ್ಟವು. ದಿನಕ್ಕೆ ಮೂರು ಗಂಟೆಯ ಮಿತಿ ಹೊರಗಿನ ಒತ್ತಾಯ ಬಂದಮೇಲೆ ಸಾಧ್ಯವಾಯಿತೆಂದರೆ ಅದು ಮೊದಲೂ ಸಾಧ್ಯವಿತ್ತು ಎಂದೇ ಅರ್ಥ. ಫೋನು ಕಿತ್ತುಕೊಂಡು ಮಗನನ್ನು ಹೊಡೆಯುವ ತಂದೆ ಈ ಎಣಿಕೆಯನ್ನೆಲ್ಲ ಒಬ್ಬ ಹುಡುಗನ ಬೆನ್ನ ಮೇಲೆ ಇಳಿಸುತ್ತಿದ್ದಾನೆ.

ಹೀಗೆ ಒಡೆತನದ ಪ್ರಶ್ನೆ ಕೇಳುವುದು ತೆಂಗಿನ ಸೀಮೆಗೆ ಹೊಸ ಪಾಠವೇನಲ್ಲ. ಬಲಿತ ಕಾಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷ ಇಟ್ಟು, ನೀರು ಬತ್ತಿ ಒಳಗೆ ಉಂಡೆಕೊಬ್ಬರಿ ಗುಡುಗುಡು ಉರುಳುವ ತನಕ ಕಾದು ಮಾರುವ ರೈತನಿಗೆ, ತಕ್ಕಡಿ ಯಾರದು, ಬೆಲೆ ಕೂಗುವವರು ಯಾರು, ಕಡಿತ ಹಾಕುವವರು ಯಾರು ಎಂಬುದು ಜೀವನದ ಪ್ರಶ್ನೆ. ಮಂಡಿಯ ಒಡೆಯನೊಬ್ಬನ ಮರ್ಜಿಗೆ ಬಿಡಬಾರದೆಂದೇ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂತು. ರೈತರೂ ಚುನಾಯಿತರಾಗುವ ಸಮಿತಿ, ಪರವಾನಗಿ ಪಡೆದ ವರ್ತಕರು, ಎಲ್ಲರೆದುರು ತೂಕ ಎಂಬ ಏರ್ಪಾಡಾಯಿತು. ಆ ಏರ್ಪಾಡಿನಲ್ಲಿ ದೋಷಗಳಿವೆ, ರೈತರು ಅವುಗಳ ವಿರುದ್ಧ ತಿಪಟೂರಿನಲ್ಲಿ ಎಷ್ಟೋ ಸಲ ಬೀದಿಗಿಳಿದಿದ್ದಾರೆ. ಆದರೆ ಬೀದಿಗಿಳಿದು ಕೇಳಲು ಒಂದು ಸಮಿತಿ, ಒಂದು ಕಾಯ್ದೆ, ಒಂದು ಗೇಟು ಅಲ್ಲಿದೆ. ಈಗ ಕೊಬ್ಬರಿಯ ಟೆಂಡರೂ ಆನ್‌ಲೈನ್ ಆಗಿದೆ. ಅದು ಆನ್‌ಲೈನ್ ಆಯಿತೆಂದು ತಕ್ಕಡಿಯ ಪ್ರಶ್ನೆಯನ್ನು ಯಾರೂ ಬಿಟ್ಟುಕೊಡಲಿಲ್ಲ. ಕೊಬ್ಬರಿಯ ವಿಷಯದಲ್ಲಿ ಅಷ್ಟು ಎಚ್ಚರವಾಗಿರುವ ಮನೆಗಳು ಅದೇ ಮನೆಯ ಮಕ್ಕಳು ದಿನಕ್ಕೆ ಗಂಟೆಗಟ್ಟಲೆ ಕಳೆಯುವ ಹಾಸಿನ ವಿಷಯದಲ್ಲಿ ಬರೀ ಬೈಗುಳಕ್ಕೆ ನಿಲ್ಲುವುದು ಸರಿಯಲ್ಲ.

ಹಾಗಾದರೆ ಕೇಳಬೇಕಾದದ್ದೇನು? ದಾಳ ಹೇಗೆ ಬೀಳುತ್ತದೆ, ಎದುರಾಳಿ ಮನುಷ್ಯನೋ ಯಂತ್ರವೋ ಎಂಬುದನ್ನು ಆಡುವವನಿಗೆ ತಿಳಿಸುವುದು ಕಂಪನಿಗಳಿಗೆ ಕಡ್ಡಾಯವಾಗಲಿ. ನಿಲ್ಲಿಸುವ ಗಂಟೆಯನ್ನು ಮನೆಯವರೂ ಮಕ್ಕಳೂ ಕೂತು ಗೊತ್ತುಮಾಡುವ ಸೌಕರ್ಯ ಪ್ರತಿ ಆಟದಲ್ಲೂ ಇರಲಿ. ದುಡ್ಡು ಕೊಟ್ಟು ಕೊಂಡ ವಸ್ತು ಆಟ ನಿಂತ ದಿನ ಏನಾಗುತ್ತದೆಂದು ಮೊದಲೇ ಕನ್ನಡದಲ್ಲಿ ಹೇಳಲಿ. ಇವು ಕಾನೂನಿನ ಕೆಲಸ. ಊರಿನ ಕೆಲಸವೂ ಇದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರು ಬರುತ್ತಿವೆ. ಅಲ್ಲಿ ತೆರೆದ ತಂತ್ರಾಂಶದ ಆಟಗಳನ್ನು ಆಡಿಸಬಹುದು, ಹುಡುಗ ಹುಡುಗಿಯರಿಗೆ ಆಟ ಕಟ್ಟುವುದನ್ನು ಕಲಿಸಬಹುದು. ತಮ್ಮೂರಿನ ಚೌಕಾಬಾರದ ಕಟ್ಟಳೆಯನ್ನು ಅವರೇ ಮೊಬೈಲಿಗೆ ಬರೆದುಕೊಳ್ಳಲಿ, ಎಲ್ಲ ಕೇರಿಯ ಮಕ್ಕಳೂ ಸೇರಿ ಕಟ್ಟಳೆ ಮಾಡಲಿ. ಉಳಿದಿರುವ ಗುಂಡುತೋಪನ್ನೂ ಶಾಲೆಯ ಮೈದಾನವನ್ನೂ ಒತ್ತುವರಿಯಿಂದ ಕಾಯುವುದು ಇದೇ ಕೆಲಸದ ಇನ್ನೊಂದು ಪಾಲು. ಈ ಸೀಮೆಯ ಆಟಗಳು ಇಷ್ಟು ಕಾಲ ಬಾಳಿದ್ದು ಆಡುವವರು ಅವುಗಳನ್ನು ತಿದ್ದಬಲ್ಲವರಾಗಿದ್ದರಿಂದ. ಮೊಬೈಲಿನ ಆಟವೂ ಈ ನಾಡಿನ ಆಟವಾಗಬೇಕಾದರೆ ತಿದ್ದುವ ಆ ಹಕ್ಕು ಅದರೊಳಗೂ ಬರಬೇಕು. ಅದು ಬರುವ ತನಕ ಎಷ್ಟೇ ಚೆನ್ನಾಗಿ ಆಡಿದರೂ ನಮ್ಮ ಮಕ್ಕಳು ಆ ಹಾಸಿನ ಮೇಲೆ ಬಾಡಿಗೆದಾರರೇ.